ಗೋಲಿನಲ್ಲಿ ನಿಂತವಳ ಕುತ್ತಿಗೆ

ನಮ್ಮ ಪಕ್ಕದ ಮನೆಯ ಸುಲೋಚನಕ್ಕನಿಗೆ ಒಂದು ದಿನ ಒಬ್ಬಟ್ಟು ಕೊಟ್ಟು ನೋಡಿ. ತಟ್ಟೆಗೆ ಕೈ ಚಾಚುವ ಮೊದಲು ‘ಏನು ವಿಶೇಷ?’ ಅನ್ನುತ್ತಾಳೆ. ವಿಶೇಷ ಏನಿಲ್ಲ ಅಕ್ಕ, ಸುಮ್ಮನೆ ಮಾಡಿದ್ದೆ ಅಂದರೆ ಮುಗಿಯಿತು. ವಿಶೇಷ ಇಲ್ಲದೆ ಯಾರು ಒಬ್ಬಟ್ಟು ಮಾಡುತ್ತಾರೆ? ಮಾಡಿದರೂ ಪಕ್ಕದ ಮನೆಗೆ ಯಾಕೆ ಕೊಡುತ್ತಾರೆ? ಇವರಿಗೆ ನನ್ನಿಂದ ಏನೋ ಆಗಬೇಕಾಗಿದೆ. ಇಷ್ಟನ್ನೂ ಅವಳ ಹುಬ್ಬಿನಲ್ಲೇ ಓದಬಹುದು. ಕೊನೆಗೆ ತಿನ್ನುತ್ತಾಳೆ, ಚೆನ್ನಾಗಿತ್ತು ಅಂತಲೂ ಹೇಳುತ್ತಾಳೆ. ಆದರೆ ತಟ್ಟೆ ವಾಪಸ್ಸು ಬರುವಾಗ ಅದರಲ್ಲಿ ಕಿತ್ತಳೆ ಹಣ್ಣು ತುಂಬಿರುತ್ತದೆ, ಯಾರ ಋಣವೂ ಬೇಡ ಅಂತ.

ಕುಂದೂರಿನಿಂದ ಸ್ವಲ್ಪ ಒಳಕ್ಕೆ ನಮ್ಮ ಊರು. ನಾನು ಇಲ್ಲಿ ಅಂಗನವಾಡಿ ಟೀಚರ್, ಹೆಸರು ಶೀಲಾ. ಸುಲೋಚನಕ್ಕನಿಗೆ ಒಂದಿಷ್ಟು ಕಾಫಿ, ನೆರಳಿನ ಮರಕ್ಕೆ ಹಬ್ಬಿಸಿದ ಮೆಣಸು, ಕೆಳಗೆ ಗದ್ದೆ. ಗಂಡಾಳಿನ ಕೆಲಸವನ್ನೂ ತಾನೇ ಮಾಡುವವಳು. ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಒಣಹಾಕಿದ ಕಾಫಿಯನ್ನು ಸಂಜೆ ರಾಶಿ ಮಾಡಿ, ಅದರ ಮೇಲೆ ಒಲೆಯ ಬೂದಿಯಿಂದ ಗೆರೆ ಎಳೆದು ಹೋಗುತ್ತಾಳೆ. ಬೆಳಿಗ್ಗೆ ಮುಖ ತೊಳೆಯುವ ಮೊದಲು ಗೆರೆ ನೋಡಬೇಕು. ಹೆಗ್ಗಣ ಓಡಾಡಿ ಗೆರೆ ಕದಡಿದ್ದರೂ ಅವತ್ತು ನಮ್ಮ ಬೀದಿಯವರ ಮುಖಗಳೆಲ್ಲ ತಪಾಸಣೆಗೆ ಒಳಗಾಗುತ್ತವೆ. ನನ್ನದೂ ಆಗಿದೆ. ನನಗೆ ಮೈ ಉರಿದು ಹೋಗಿತ್ತು.

ಹುಟ್ಟಿದಾಗಲೇ ಹೀಗಿರಲಿಲ್ಲ ಅನ್ನುತ್ತಾರೆ. ಅವಳ ಗಂಡ ಶಾಂತಮಲ್ಲಪ್ಪ ಸಕಲೇಶಪುರದ ಒಂದು ಕಾಫಿ ಮಂಡಿಯಲ್ಲಿ ಕೆಲಸಕ್ಕಿದ್ದ. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಬಸ್ಸು ಹತ್ತುತ್ತಿದ್ದ. ಮಗಳು ಪುಷ್ಪಾ ಆಗಿನ್ನೂ ಅಂಬೆಗಾಲಿಡುವ ಕೂಸು. ಅದೇ ವರ್ಷ ಸಕಲೇಶಪುರದ ನೆಂಟರ ಮನೆಯ ಗೃಹಪ್ರವೇಶಕ್ಕೆ ಸುಲೋಚನಕ್ಕ ಹೋಗಿದ್ದಳು. ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಪೇಟೆಯ ಹೆಂಗಸೊಬ್ಬಳು ಮಾತಿಗೆ ಮಾತು ಬಂದು, ‘ಶಾಂತಮಲ್ಲಪ್ಪನವರ ಮನೆಯವರಾ? ಓಹೋ, ನೀವು ಮೊದಲನೆಯವರೋ?’ ಅಂದಳಂತೆ. ‘ಯಾವ ಮೊದಲನೆಯವರು?’ ಅಂತ ಇವಳು ಕೇಳಿದಳು. ಸಾಲಿನಲ್ಲಿ ಕೂತವರೆಲ್ಲ ತಲೆ ಬಗ್ಗಿಸಿ ಎಲೆ ನೋಡತೊಡಗಿದರು. ಊರಿಗೆಲ್ಲ ಗೊತ್ತಿದ್ದದ್ದು ಇವಳೊಬ್ಬಳಿಗೆ ಗೊತ್ತಿರಲಿಲ್ಲ.

ಇನ್ನೊಂದು ಸಂಸಾರ ಇಟ್ಟದ್ದಕ್ಕಿಂತ ಅವಳನ್ನು ಹೆಚ್ಚು ಸುಟ್ಟದ್ದು ಆಮೇಲೆ ತಿಳಿದ ಸಂಗತಿ. ಆ ಮನೆಗೆ ಹೋಗುವ ಹೊತ್ತಿಗೆ ಶಾಂತಮಲ್ಲಪ್ಪ ಕೊರಳಿನ ಲಿಂಗ ಬಿಚ್ಚಿ ಮಂಡಿಯ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದನಂತೆ. ಊರಿಗೆ ಬರುವಾಗ ಮತ್ತೆ ಕಟ್ಟಿಕೊಳ್ಳುವುದು. ಶನಿವಾರ ರಾತ್ರಿ ಇವಳ ಎದುರಿಗೇ ಕೂತು ಭಕ್ತಿಯಿಂದ ಲಿಂಗಪೂಜೆ ಮಾಡಿ ಊಟಕ್ಕೇಳುತ್ತಿದ್ದ ಗಂಡಸು. ಅವತ್ತಿನಿಂದ ಸುಲೋಚನಕ್ಕನ ಲೆಕ್ಕದಲ್ಲಿ ಖಾಲಿ ಕುತ್ತಿಗೆ ಅಂದರೆ ಸುಳ್ಳು. ಶಾಂತಮಲ್ಲಪ್ಪ ಈ ಕಡೆ ಬರುವುದನ್ನು ನಿಲ್ಲಿಸಿದ. ಸಕಲೇಶಪುರದಲ್ಲಿ ಇದ್ದಾನೆ, ಅಷ್ಟೆ.

ಇಂಥವಳ ಮಗಳು ಹಾಕಿ ಆಡುವವಳಾದಳು ನೋಡಿ.

ಕುಂದೂರಿನ ಹೈಸ್ಕೂಲಿಗೆ ಕುಮಾರ್ ಅಂತ ಪಿ.ಟಿ. ಮೇಷ್ಟ್ರು ಬಂದಿದ್ದರು. ಹಾಕಿ ಹುಚ್ಚಿನ ಮನುಷ್ಯ. ಶಾಲೆಯಲ್ಲಿ ಸ್ಟಿಕ್ ಸಾಲದೆ, ತೋಟಗಳಲ್ಲಿ ಕಿತ್ತುಹಾಕಿದ ಹಳೇ ಕಾಫಿ ಗಿಡಗಳ ಬಾಗಿದ ಬುಡ ತರಿಸಿ, ಕೆತ್ತಿಸಿ, ಹೆಣ್ಣುಮಕ್ಕಳ ಕೈಗೆ ಕೊಟ್ಟರು. ಪುಷ್ಪಾಳ ಓಟ ನೋಡಬೇಕಿತ್ತು. ಚೆಂಡು ಅವಳ ಸ್ಟಿಕ್ಕಿಗೆ ಸಿಕ್ಕಿತೋ, ಎದುರಿಗಿದ್ದವರು ಬರೀ ಲಂಗ ಹಿಡಿದುಕೊಂಡು ನಿಲ್ಲುವುದು. ಆಲೂರಿನ ತಾಲ್ಲೂಕು ಪಂದ್ಯಕ್ಕೆ ನಾನೇ ಹೋಗಿದ್ದೆ. ಕೂಗಿ ಕೂಗಿ ಗಂಟಲು ಹೋಗಿ, ಮಾರನೇ ದಿನ ಅಂಗನವಾಡಿ ಮಕ್ಕಳಿಗೆ ಹಾಡು ಹೇಳಿಕೊಡಲಾಗಲಿಲ್ಲ.

ಸರ್ಕಾರಿ ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾದಾಗ ಕುಮಾರ್ ಮೇಷ್ಟ್ರು ಸುಲೋಚನಕ್ಕನನ್ನು ಒಪ್ಪಿಸಲು ಬಂದರು. ಅವಳು ಅವರನ್ನು ಜಗಲಿಯಲ್ಲಿ ಕೂರಿಸಿ ಹಿತ್ತಲ ಬಾಗಿಲಿನಿಂದ ನಮ್ಮ ಮನೆಗೆ ಬಂದಳು.

‘ಶೀಲಾ, ಈ ಮೇಷ್ಟ್ರಿಗೆ ನನ್ನ ಮಗಳಿಂದ ಏನಾಗ್ಬೇಕು ಅಂತ?’

‘ಏನೂ ಆಗ್ಬೇಕಿಲ್ಲ ಅಕ್ಕ. ಹುಡುಗಿ ಚೆನ್ನಾಗಿ ಆಡ್ತಾಳೆ, ಮುಂದೆ ಬರ್ಲಿ ಅಂತ.’

‘ಏನೂ ಆಗ್ಬೇಕಿಲ್ದೆ ಬಿಸಿಲಲ್ಲಿ ಸೈಕಲ್ ತುಳ್ಕೊಂಡು ಬತ್ತಾರಾ? ಹೋಗೆ.’

ಆಮೇಲೆ ಅವಳು ಮೇಷ್ಟ್ರ ಹೆಂಡತಿಯ ತವರೂರಿನವರೆಗೂ ವಿಚಾರಿಸಿದಳು. ತಾನೇ ಹಾಸ್ಟೆಲಿಗೆ ಹೋಗಿ ಅಡುಗೆಮನೆಗೆ ನುಗ್ಗಿ ಮಾಂಸದ ಪಾತ್ರೆ ಬೇರೆ ಇದೆಯೋ ಇಲ್ಲವೋ ನೋಡಿದಳು. ಗೇಟಿನ ಬೀಗ ಎಳೆದು ನೋಡಿದಳು. ತಪ್ಪು ಸಿಗಲಿಲ್ಲ, ಅದಕ್ಕೂ ಅನುಮಾನ: ಎಲ್ಲಾ ಇಷ್ಟು ನೆಟ್ಟಗಿದೆ ಅಂದರೆ ನಾನು ಬರುವುದು ಮೊದಲೇ ಗೊತ್ತಿತ್ತು ಇವರಿಗೆ. ಕೊನೆಗೆ ಒಪ್ಪಿದಳು. ಕುಂದೂರಿನ ಬಸ್ ಸ್ಟ್ಯಾಂಡಿನಲ್ಲಿ ಮಗಳ ಕೊರಳಿನಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಅವಳು ಹೇಳಿದ್ದನ್ನು ನಾನೂ ಕೇಳಿದೆ.

‘ನೀನು ಚಡ್ಡಿನಾರ ಹಾಕ್ಕೋ, ಗಂಡುಡುಗ್ರ ತರ ಓಡು, ನಂಗೆ ಅದಲ್ಲ. ಲಿಂಗ ಮೈಮೇಲಿರ್ಬೇಕು. ಇದು ಮೈ ಬಿಟ್ಟ ದಿವ್ಸ ನಿನ್ನ ಆಟ ನಿಂತೋಯ್ತು ಅಂತ ತಿಳ್ಕೋ.’

‘ಹೂಂ ಅವ್ವ,’ ಅಂದಳು ಪುಷ್ಪಾ. ಅವಳಿಗೆ ಬಸ್ಸಿನ ಕಿಟಕಿ ಸೀಟಿನ ಚಿಂತೆ.

ರಜೆಗೆ ಬಂದಾಗಲೆಲ್ಲ ಮೊದಲು ಕುತ್ತಿಗೆಯ ದಾರಕ್ಕೆ ಕೈ, ಆಮೇಲೆ ಕಾಲಿಗೆ ನೀರು. ಹುಡುಗಿ ಬೇಸರ ಮಾಡಿಕೊಳ್ಳದೆ ತಾನೇ ಕತ್ತು ಮುಂದಕ್ಕೆ ಚಾಚುತ್ತಿದ್ದಳು. ನೋಡುವ ನನಗೇ ರೇಗುತ್ತಿತ್ತು. ‘ಅಕ್ಕ, ಕರುವಿನ ಕಣ್ಣಿ ಹಿಡಿದು ನೋಡ್ದಂಗೆ ನೋಡ್ತೀಯಲ್ಲ, ಅದು ಮಗು ಅಲ್ವಾ?’ ಅಂದೆ ಒಂದು ಸಲ. ‘ಕಣ್ಣಿ ಗಟ್ಟಿಯಾಗಿ ಕಟ್ಟಿದ್ರೆ ನನ್ನ ಗಂಡ ಹೋಗ್ತಿರ್ಲಿಲ್ಲ,’ ಅಂದುಬಿಟ್ಟಳು.

ಹಾಸ್ಟೆಲು ಸೇರಿ ಎರಡು ಮೂರು ವರ್ಷವಾದ ಮೇಲೆ ಒಂದು ದಸರಾ ರಜೆಗೆ ಪುಷ್ಪಾ ಬಂದವಳು, ‘ನಾನೀಗ ಗೋಲ್ ಕೀಪರ್ ಆಗ್ಬುಟ್ಟೆ ಅಕ್ಕ,’ ಅಂದಳು ನನಗೆ. ಗೋಲ್ ಕೀಪರ್ ಅಂದರೆ ಓಡುವ ಹಾಗಿಲ್ಲ, ಗೋಲಿನ ಮುಂದೆ ನಿಂತು ಚೆಂಡು ತಡೆಯುವುದು. ಯಾಕೆ ಪುಟ್ಟಿ ಅಂದೆ. ‘ನಾನೇ ಕೇಳ್ದೆ,’ ಅಂದು ಬೇರೆ ಮಾತು ತೆಗೆದಳು. ಕುಮಾರ್ ಮೇಷ್ಟ್ರು ಬಂದು ಸಿಟ್ಟಿನಲ್ಲಿ ಜಗಲಿ ಸುತ್ತಿ ಸುತ್ತಿ ಹೋದರು. ‘ಓಡೋ ಕುದುರೇನ ತಗೊಂಡೋಗಿ ಬಾಗ್ಲಿಗೆ ಕಟ್ಟಿದ್ದಾಳೆ. ಯಾಕೆ ಅಂದ್ರೆ ಬಾಯೇ ಬಿಡಲ್ಲ,’ ಅಂದರು.

ಸುಲೋಚನಕ್ಕನ ತಲೆ ಬೇರೆ ದಿಕ್ಕಿನಲ್ಲಿ ಓಡಿತು. ‘ಶಾಲೇಲಿ ಯಾರನ್ನ ನಿಲ್ಲುಸ್ತಾರೆ ಹೇಳು? ತಪ್ಪು ಮಾಡ್ದೋರನ್ನ. ಎಲ್ರೂ ಓಡ್ತಿರ್ಬೇಕಾದ್ರೆ ಇವಳೊಬ್ಬಳನ್ನ ನಿಲ್ಸಿದ್ದಾರೆ ಅಂದ್ರೆ ಏನೋ ಮಾಡ್ಕೊಂಡವ್ಳೆ.’ ಗೋಲ್ ಕೀಪರ್ ಅನ್ನುವುದು ಶಿಕ್ಷೆಯಲ್ಲ, ಒಂದು ಜಾಗ ಅಂತ ನಾನು ಎಷ್ಟು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಅದೇ ರಜೆಯಲ್ಲಿ ಇನ್ನೊಂದು ಕಂಡುಹಿಡಿದಳು. ಮಗಳು ಸ್ನಾನಕ್ಕೆ ಹೋದಾಗ ನನ್ನನ್ನು ಕರೆದು ಪಿಸುಗುಟ್ಟಿದಳು.

‘ಅವಳ ಕೊರಳಿನ ದಾರ ನೋಡ್ದಾ? ಒಂಚೂರೂ ಮಾಸಿಲ್ಲ. ಮೂರ್ಹೊತ್ತೂ ಮಣ್ಣಲ್ಲಿ ಬಿದ್ದು ಒದ್ದಾಡೋಳ ದಾರ ಹಂಗಿರ್ತದಾ? ಊರಿಗೆ ಬರೋ ದಿವ್ಸ ಕಟ್ಕೊಂಡವ್ಳೆ ಕಣೆ.’

‘ಹೊಸ ದಾರ ಹಾಕಿರ್ತಾಳೆ, ಹಬ್ಬಕ್ಕೆ ಬಂದೋಳು.’

‘ಅವರಪ್ಪನೂ ಶನಿವಾರ ಹೊಸದಾಗೇ ಕಾಣ್ತಿದ್ದ.’

ಮಗಳನ್ನು ಎದುರಿಗೆ ಕೂರಿಸಿ ಕೇಳಲಿಲ್ಲ ಅವಳು. ಕೇಳಿದರೆ ಎಚ್ಚರವಾಗುತ್ತಾಳೆ, ಎಚ್ಚರವಾದರೆ ಮುಚ್ಚಿಡುತ್ತಾಳೆ ಅನ್ನುವುದು ಅವಳ ನ್ಯಾಯ. ಕಣದ ಗೆರೆ ನೋಡುವ ಹಾಗೆ ಮಗಳನ್ನು ದೂರದಿಂದಲೇ ನೋಡುತ್ತಾ ವರ್ಷಗಳನ್ನು ಕಳೆದಳು.

ಆಮೇಲೆ ಎರಡು ಸಾವಿರ ಇಸವಿ ದಾಟಿದ ಮೇಲಿನ ಮಾತು. ಪುಷ್ಪಾ ಭಾರತದ ತಂಡಕ್ಕೆ ಆಯ್ಕೆಯಾದಳು. ಹೈದರಾಬಾದಿನಲ್ಲಿ ಹೆಂಗಸರ ಹಾಕಿ ಪಂದ್ಯಾವಳಿ, ಬೇರೆ ಬೇರೆ ದೇಶಗಳ ತಂಡಗಳು ಬರುತ್ತವೆ, ಟಿ.ವಿ.ಯಲ್ಲಿ ತೋರಿಸುತ್ತಾರೆ ಅಂತ ಕುಮಾರ್ ಮೇಷ್ಟ್ರು ಊರೆಲ್ಲ ಸಾರಿದರು. ಅದು ಮುಗಿದ ಮೇಲೆ ನಾಲ್ಕು ದಿನ ರಜೆ, ಆಮೇಲೆ ತಂಡ ಹೊರದೇಶದ ಪ್ರವಾಸಕ್ಕೆ ಹೋಗುವುದು. ಕುಂದೂರಿನ ಹುಡುಗಿ ವಿಮಾನ ಹತ್ತುತ್ತಾಳೆ! ನಾನು ನಿಜವಾಗಿಯೂ ಅತ್ತುಬಿಟ್ಟೆ. ಸುಲೋಚನಕ್ಕ ಅಳಲಿಲ್ಲ. ‘ಅಷ್ಟು ದೊಡ್ಡ ದೇಶ, ಬೇರೆ ಯಾರೂ ಸಿಗ್ಲಿಲ್ವಂತಾ?’ ಅಂದಳು.

ಪಂದ್ಯಾವಳಿ ಶುರುವಾಗುವ ಮೊದಲು ಪೇಪರಿನಲ್ಲಿ ಫೋಟೋ ಬಂತು. ಅಭ್ಯಾಸ ಮುಗಿಸಿದ ಹುಡುಗಿಯರು ಹುಲ್ಲಿನ ಮೇಲೆ ಕೂತಿದ್ದಾರೆ, ಪುಷ್ಪಾ ಮುಂದಿನ ಸಾಲಿನಲ್ಲಿ ಹಲ್ಲು ಬಿಟ್ಟು ನಗುತ್ತಿದ್ದಾಳೆ. ಮೇಷ್ಟ್ರು ಪೇಪರ್ ಹಿಡಿದುಕೊಂಡು ಓಡಿ ಬಂದರು. ನಾವು ಕಣದಲ್ಲಿದ್ದೆವು. ಸುಲೋಚನಕ್ಕ ಕೈ ಒರೆಸಿಕೊಂಡು ಪೇಪರ್ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದಳು. ಸುಮಾರು ಹೊತ್ತು ನೋಡಿದಳು. ಮೇಷ್ಟ್ರು ಏನಾದರೂ ಹೇಳುತ್ತಾಳೆ ಅಂತ ಕಾದರು.

‘ಕುತ್ತಿಗೆ ಖಾಲಿ ಐತಲ್ಲ,’ ಅಂದಳು.

ಮೇಷ್ಟ್ರಿಗೆ ಅರ್ಥವೇ ಆಗಲಿಲ್ಲ. ನಾನು ನೋಡಿದೆ. ಹೌದು, ಅಗಲ ಕತ್ತಿನ ಬನಿಯನ್ನು, ದಾರದ ಸುಳಿವಿಲ್ಲ.

ಅವತ್ತೇ ಪೇಪರ್ ಮಡಿಚಿಕೊಂಡು, ನನ್ನನ್ನೂ ಕರೆದುಕೊಂಡು ವೀರಭದ್ರಯ್ಯನವರ ಹತ್ತಿರ ಹೋದಳು. ಪುಷ್ಪಾಳಿಗೆ ಲಿಂಗಧಾರಣೆ ಮಾಡಿಸಿದ ಐನೋರು ಅವರೇ. ವಯಸ್ಸಾದವರು, ಸಮಾಧಾನಿ. ಕನ್ನಡಕ ಹಾಕಿ ನೋಡಿ, ‘ಪೇಪರ್‌ನಾಗೆ ಮೂಗೇ ನೆಟ್ಟಗೆ ಕಾಣಲ್ಲ, ದಾರ ಎಲ್ಲಿ ಕಂಡಾತು ತಾಯಿ? ಮಗೂನ ಕೇಳು, ಹೇಳ್ತಾಳೆ,’ ಅಂದರು. ಹೊರಗೆ ಬಂದವಳೇ, ‘ಐನೋರ್ಗೂ ಗೊತ್ತೈತೆ. ನಂಗೊಬ್ಬಳಿಗೆ ಗೊತ್ತಿಲ್ಲ,’ ಅಂದಳು. ಅವಳ ದನಿಯಲ್ಲಿ ಗೃಹಪ್ರವೇಶದ ಪಂಕ್ತಿ ಕೇಳಿಸಿತು ನನಗೆ. ಸಿಟ್ಟಿನ ಜೊತೆ ಮೊದಲ ಸಲ ಅವಳ ಮೇಲೆ ಮರುಕ ಹುಟ್ಟಿತು.

ಪುಷ್ಪಾ ಭಾನುವಾರ ನಮ್ಮ ಮನೆಗೆ ಫೋನ್ ಮಾಡುತ್ತಿದ್ದಳು. ಆ ಭಾನುವಾರ ಸುಲೋಚನಕ್ಕ ಊಟ, ನಿದ್ದೆ ಏನನ್ನೂ ವಿಚಾರಿಸಲಿಲ್ಲ.

‘ಕುತ್ತಿಗೇಲಿ ಐತಾ?’ ಅಂದಳು.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಮೈಮೇಲೈತೆ ಅವ್ವ,’ ಅಂದದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

ಸುಲೋಚನಕ್ಕ ಫೋನ್ ಇಟ್ಟಳು. ‘ಕೇಳ್ಸ್ಕೊಂಡ್ಯಾ? ನಾನು ಕುತ್ತಿಗೆ ಅಂದ್ರೆ ಅವಳು ಮೈ ಅಂತಾಳೆ. ನೆಟ್ಟಗೆ ಐತೆ ಅನ್ನೋಕೆ ಏನಾಗಿತ್ತು? ಅವರಪ್ಪನ್ನ ಎಲ್ಲಿದ್ದೆ ಅಂದ್ರೆ ಸಕಲೇಶಪುರದಲ್ಲಿದ್ದೆ ಅಂತಿದ್ದ. ಸುಳ್ಳಾ ಅದು? ಸುಳ್ಳಲ್ಲ. ಹಿಂಗೇ ಶುರುವಾಗೋದು.’

ಎರಡು ಪದದ ನಡುವೆ ಇಷ್ಟು ಜಾಗ ಇದೆ ಅಂತ ನನಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ನನಗೂ ಅನುಮಾನ ಬಂದಿತ್ತು. ಹುಡುಗಿ ಯಾಕೆ ತಡೆದು ಉತ್ತರ ಕೊಟ್ಟಳು?

ಮಾರನೇ ದಿನವೇ ಸುಲೋಚನಕ್ಕ ಕೆ. ಹೊಸಕೋಟೆಯ ಲಿಂಗಪ್ಪನವರಿಗೆ ಹೇಳಿಕಳಿಸಿದಳು. ತಮ್ಮ ಮಗನಿಗೆ ಪುಷ್ಪಾಳನ್ನು ಕೊಡುವಿರಾ ಅಂತ ಅವರು ಹಿಂದೊಮ್ಮೆ ಕೇಳಿದ್ದರು. ಹುಡುಗಿ ಬರುತ್ತಾಳೆ, ಬಂದು ನೋಡಿಕೊಂಡು ಹೋಗಿ ಅಂದಳು. ನನ್ನ ಎದುರು ಖಂಡಿತವಾಗಿ ಹೇಳಿದಳು: ‘ಪಂದ್ಯ ಮುಗ್ಸ್ಕೊಂಡು ಬರ್ಲಿ. ಮತ್ತೆ ಕಳ್ಸಲ್ಲ. ವಿಮಾನನೂ ಬೇಡ, ಗಿಮಾನನೂ ಬೇಡ.’ ಕುಮಾರ್ ಮೇಷ್ಟ್ರು ಕೈ ಮುಗಿದು ಕೇಳಿಕೊಂಡರು. ಕಲ್ಲಿಗೆ ಹೇಳಿದ್ದರೂ ಒಂದು ಹನಿ ಬೆವರುತ್ತಿತ್ತೇನೋ.

ಭಾರತಕ್ಕೂ ಆಸ್ಟ್ರೇಲಿಯಾಕ್ಕೂ ಪಂದ್ಯವಿದ್ದ ಮಧ್ಯಾಹ್ನ ನಮ್ಮ ಮನೆ ತುಂಬ ಜನ. ಕರೆಂಟು ಇತ್ತು, ಅದೇ ಪುಣ್ಯ. ಸುಲೋಚನಕ್ಕನನ್ನು ಮುಂದೆ ಕೂರಿಸಿದೆವು. ಹಳದಿ ಅಂಗಿಯ ಆ ಹುಡುಗಿಯರು ಗಳದ ಹಾಗೆ ಉದ್ದಕ್ಕೆ, ಓಡಿದರೆ ನೆಲ ಸಾಲದು. ನಮ್ಮ ಗೋಲಿನಲ್ಲಿ ಪುಷ್ಪಾ. ಕಾಲಿಗೆ ದಪ್ಪ ಪ್ಯಾಡು, ಎದೆಗೆ ಪ್ಯಾಡು, ತಲೆಗೆ ಕಬ್ಬಿಣದ ಸರಳಿನ ಹೆಲ್ಮೆಟ್ಟು.

‘ಎಲ್ಲಿ ಇವಳು?’ ಅಂದಳು ಸುಲೋಚನಕ್ಕ.

‘ಅದೇ ಅಕ್ಕ, ಗೋಲಲ್ಲಿ ನಿಂತಿರೋಳು.’

‘ಮುಖಾನೇ ಕಾಣ್ತಿಲ್ಲ. ಒಳಗೆ ಯಾರನ್ನ ಇಟ್ಟವ್ರೋ! ನನ್ನ ಮಗಳೇ ಅಂತ ಹೆಂಗೆ ನಂಬೋದು?’

ಮನೆಯೆಲ್ಲ ನಕ್ಕಿತು. ಅವಳು ನಗಲಿಲ್ಲ. ಎಲ್ಲರೂ ಚೆಂಡಿನ ಹಿಂದೆ ಕಣ್ಣು ಓಡಿಸುತ್ತಿದ್ದರೆ ಇವಳ ಕಣ್ಣು ಗೋಲಿನಲ್ಲೇ. ಚೆಂಡು ಆ ತುದಿಗೆ ಹೋಗಿ ಟಿ.ವಿ.ಯಲ್ಲಿ ಗೋಲು ಕಾಣದೆ ಹೋದಾಗಲೂ ಪರದೆಯ ಅಂಚನ್ನು ನೋಡುತ್ತಿದ್ದಳು. ಪುಷ್ಪಾ ಕಾಲಲ್ಲಿ ಒದ್ದು, ಕೈಯಲ್ಲಿ ತಡೆದು, ಅಡ್ಡ ಬಿದ್ದು ಎಷ್ಟೋ ಚೆಂಡು ತಡೆದಳು. ಮೇಷ್ಟ್ರು ಪ್ರತಿ ಸಲವೂ ‘ಭಲೇ!’ ಅಂತ ತೊಡೆ ತಟ್ಟಿಕೊಂಡರು. ಎರಡನೇ ಅರ್ಧದಲ್ಲಿ ಹಳದಿಯವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಬೀಸಿ ಹೊಡೆದ ಚೆಂಡು ಗಾಳಿಯಲ್ಲಿ ಬಂದು ಪುಷ್ಪಾಳ ಹೆಗಲ ತುದಿಗೆ, ಪ್ಯಾಡು ಮುಗಿಯುವ ಕಡೆ ಬಡಿಯಿತು. ಹುಡುಗಿ ಮಗುಚಿ ಬಿದ್ದಳು.

ಡಾಕ್ಟರಮ್ಮ ಓಡಿ ಬಂದರು, ಹೆಲ್ಮೆಟ್ಟು ತೆಗೆದರು. ಪುಷ್ಪಾಳ ಮುಖ ನೋವಿಗೆ ಹಿಂಡಿಕೊಂಡಿತ್ತು. ಡಾಕ್ಟರಮ್ಮ ಎದೆಯ ಪ್ಯಾಡಿನ ಪಟ್ಟಿ ಬಿಚ್ಚಲು ಕೈ ಹಾಕಿದಾಗ ಪುಷ್ಪಾ ಆ ಕೈಯನ್ನು ತಳ್ಳಿದಳು. ತಾನೇ ಪ್ಯಾಡಿನೊಳಗೆ ಕೈ ತೂರಿಸಿ ಏನನ್ನೋ ತಡಕಿದಳು. ಕೈ ಒಂದು ಕಡೆ ನಿಂತಿತು. ಕಣ್ಣು ಮುಚ್ಚಿದಳು, ಉಸಿರು ಬಿಟ್ಟಳು, ಆಮೇಲೆ ಎದ್ದು ಕೂತಳು.

ಸುಲೋಚನಕ್ಕ ಎದ್ದು ನಿಂತುಬಿಟ್ಟಿದ್ದಳು.

‘ಐತೆ,’ ಅಂದಳು. ‘ಐತೆ ಕಣೇ ಶೀಲಾ! ಮೈಮೇಲೇ ಐತೆ!’

‘ಏನೈತೆ ಅಕ್ಕ? ಪಾಪ ನೋವಾಗಿದೆ ಅವಳಿಗೆ.’

‘ನೋವಾಗಿದ್ದು ಹೆಗಲಿಗೆ. ಮುಟ್ಕೊಂಡಿದ್ದು ಎದೇನ. ನೋವಾದೋರು ನೋವಾದ ಕಡೆ ಬಿಟ್ಟು ಬೇರೆ ಕಡೆ ಮುಟ್ಕೊಂತಾರಾ?’

ಆ ಪಂದ್ಯ ನಾವು ಒಂದು ಗೋಲಿನಿಂದ ಸೋತೆವು. ಸುಲೋಚನಕ್ಕನಿಗೆ ಅದು ಗೊತ್ತೇ ಆಗಲಿಲ್ಲ. ಬಂದವರಿಗೆಲ್ಲ ನಮ್ಮ ಮನೆಯ ಕಾಫಿಯನ್ನು ತಾನೇ ಸೋಸಿ ಕೊಟ್ಟಳು. ಅಷ್ಟು ಸಂತೋಷದಲ್ಲಿ ಅವಳನ್ನು ನಾನು ನೋಡಿದ್ದೇ ಇಲ್ಲ. ಆದರೆ ಹಿತ್ತಲಿಗೆ ಬಂದು ಲೋಟ ತೊಳೆಯುವ ಹೊತ್ತಿಗೆ ಅವಳ ಹುಬ್ಬು ಮತ್ತೆ ಗಂಟಾಗಿತ್ತು. ‘ಇದ್ದಿದ್ದನ್ನ ಯಾಕೆ ಮುಚ್ಚಿಟ್ಳು? ಇಲ್ದಿದ್ದನ್ನ ಮುಚ್ಚಿಡೋರ್ನ ನೋಡಿದ್ದೀನಿ. ಇದ್ದಿದ್ದನ್ನ ಮುಚ್ಚಿಟ್ರೆ ಅದರ ಹಿಂದೆ ಇನ್ನೇನೋ ಐತೆ,’ ಅಂದಳು. ಲಿಂಗಪ್ಪನವರಿಗೆ ಬರಬೇಡಿ ಅಂತ ಹೇಳಿಕಳಿಸಲಿಲ್ಲ.

ಪುಷ್ಪಾ ಬಂದಳು. ಹೆಗಲು ನೀಲಿಗಟ್ಟಿ ಊದಿತ್ತು. ಮಧ್ಯಾಹ್ನ ಕಣದ ಅಂಚಿನಲ್ಲಿ ಕೂತೆವು, ತಾಯಿ ಮಗಳು ನಾನು. ಸುಲೋಚನಕ್ಕ ಕಾಲಲ್ಲಿ ಕಾಫಿ ಹರಡುತ್ತಾ, ಮಗಳ ಕಡೆ ನೋಡದೆ ಕೇಳಿದಳು.

‘ಟಿ.ವಿ.ನಾಗೆ ನೋಡ್ದೆ. ಎದೇಲಿ ಕಟ್ಕೊಂಡಿದ್ದೆ. ಕುತ್ತಿಗೆಯಿಂದ ಯಾಕೆ ತೆಗೆದೆ? ನಂಗ್ಯಾಕೆ ಹೇಳ್ಲಿಲ್ಲ? ಏನೈತೆ ಅದರ ಹಿಂದೆ, ಈಗಾದ್ರೂ ಬೊಗಳು.’

ಪುಷ್ಪಾ ಒಂದು ಕಾಫಿ ಕಾಯಿ ಎತ್ತಿಕೊಂಡು ಉಗುರಿನಲ್ಲಿ ಸಿಪ್ಪೆ ಬಿಡಿಸುತ್ತಾ ಕೂತಳು. ಆಮೇಲೆ ಹೇಳಿದಳು.

‘ಹಾಸ್ಟೆಲಿಗೆ ಸೇರಿದ ಮೇಲೆ ರಾಜ್ಯದ ಪಂದ್ಯಕ್ಕೆ ಹೋಗಿದ್ವಲ್ಲವ್ವ, ಅಲ್ಲಿ ಅಂಪೈರು ಆಟ ನಿಲ್ಸಿದ್ರು. ಕುತ್ತಿಗೇಲಿರೋದನ್ನ ಬಿಚ್ಚಿಡು, ಗಟ್ಟಿ ವಸ್ತು, ಡಿಕ್ಕಿ ಹೊಡ್ದಾಗ ಬೇರೆಯೋರ್ಗೆ ಏಟಾಗ್ತದೆ, ಇಲ್ದಿದ್ರೆ ಆಚೆ ಹೋಗು ಅಂದ್ರು. ಅವರ ತಪ್ಪಲ್ಲ, ರೂಲ್ಸೇ ಹಂಗೈತೆ. ನಾನು ಆಚೆ ಹೋದೆ. ನಮ್ಮೋರು ಸೋತ್ರು. ಕೋಚು ಬಾಯಿಗೆ ಬಂದಂಗೆ ಬೈದ್ರು.’

‘ಆಮೇಲೆ?’

‘ಕರಡಿಗೆ ಬಿಟ್ಟು, ಲಿಂಗಾನ ವಸ್ತ್ರದಲ್ಲಿ ಸುತ್ತಿ ಎದೆಗೆ ಬಿಗಿಯಾಗಿ ಕಟ್ಕೊಂಡು ಆಡಿ ನೋಡ್ದೆ. ಓಡ್ತಾ ಓಡ್ತಾ ಜಾರ್ತದೆ. ಎಲ್ಲಿ ನೆಲಕ್ಕೆ ಬಿದ್ದೋಗ್ತದೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಓಡ್ಬೇಕು. ಬೆವರಿಗೆ ಅಂಗಿ ಅಂಟಿದ್ರೆ ಉಬ್ಬು ಬೇರೆ ಕಾಣ್ತದೆ. ಗೋಲ್ ಕೀಪರ್ಗಾದ್ರೆ ಎದೆ ಮೇಲೆ ಪ್ಯಾಡು. ಒಳಗೇನೈತೆ ಅಂತ ಯಾರೂ ನೋಡಲ್ಲ, ಜಾರೋದೂ ಇಲ್ಲ. ನಾನು ಗೋಲಲ್ಲಿ ನಿಂತ್ಕೊಂತೀನಿ ಸಾರ್ ಅಂದೆ.’

ಸುಲೋಚನಕ್ಕನ ಕಾಲು ನಿಂತಿತ್ತು. ನನಗೆ ಆಲೂರಿನ ಮೈದಾನ ಕಣ್ಣಿಗೆ ಕಟ್ಟಿತು. ಮೇಷ್ಟ್ರು ವರ್ಷಗಟ್ಟಲೆ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ ಆಗಿತ್ತು. ಓಟ ಬಿಟ್ಟಿದ್ದಳು ಹುಡುಗಿ, ತಾಯಿಯ ಮಾತು ಬಿಟ್ಟಿರಲಿಲ್ಲ.

‘ಅಯ್ಯೋ ಮಾರಾಯ್ತಿ,’ ಅಂದಳು ಸುಲೋಚನಕ್ಕ. ‘ನಂಗೊಂದು ಮಾತು ಕೇಳ್ಬಾರ್ದಿತ್ತೇನೇ? ಐನೋರ ಹತ್ರ ಹೋಗ್ತಿದ್ದೆ, ಅವರು ಏನಾದ್ರೂ ದಾರಿ ಹೇಳ್ತಿದ್ರು. ಆಟ ಆಡೋವಷ್ಟು ಹೊತ್ತು ದೇವರ ಮುಂದಿಟ್ಟು ಹೋಗು ಅಂತಿದ್ರೇನೋ. ನಾನು ಬೇಡ ಅಂತಿದ್ನಾ?’

ಪುಷ್ಪಾ ತಾಯಿಯ ಮುಖ ನೋಡಿದಳು. ಹುಡುಗಿಯ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು ಕೇಳುವುದಕ್ಕೆ.

‘ಬಿಚ್ಚಿಡ್ಲಾ ಅವ್ವ ಅಂತ ಕೇಳಿದ್ರೆ, ಆಗ್ಲೇ ಬಿಚ್ಚಿಟ್ಟವ್ಳೆ ಅಂತ ನೀನು ತಿಳ್ಕೊಂತಿದ್ದೆ.’

ಸುಲೋಚನಕ್ಕ ಬಾಯಿ ತೆರೆದಳು. ಇಲ್ಲ ಅನ್ನಲು ಹೊರಟವಳು ಅನ್ನಲಾರದೆ ಮುಚ್ಚಿದಳು. ಇಲ್ಲ ಅಂದಿದ್ದರೆ ಅದು ಸುಳ್ಳಾಗುತ್ತಿತ್ತು, ಮೂವರಿಗೂ ಗೊತ್ತಿತ್ತು. ಒಣಗುವ ಕಾಫಿಯ ಮೇಲೆಯೇ ಕುಸಿದು ಕೂತಳು.

‘ಈಗ ಹೇಳ್ತೀನಿ ಕೇಳು,’ ಅಂದಳು. ‘ನಾಳೆನೇ ಐನೋರ್ನ ಕೇಳ್ಕೊಂಡು ಬರಾನ. ಬಿಚ್ಚಿಟ್ಟು ಓಡು. ಮೊದ್ಲಿನಂಗೆ ಓಡು.’

ಪುಷ್ಪಾ ನಕ್ಕಳು. ‘ಈಗ ಯಾರು ಓಡುಸ್ತಾರವ್ವ? ತಂಡಕ್ಕೆ ತಗೊಂಡಿರೋದೇ ಗೋಲ್ ಕೀಪರ್ ಅಂತ. ಮುಂದೆ ಓಡೋ ಹುಡ್ಗೀರು ಚಿಕ್ಕಂದಿನಿಂದ ಅದನ್ನೇ ಕಲ್ತೋರು. ನಂಗೆ ಆ ಓಟ ಈಗ ಬರಲ್ಲ. ಹೋಗ್ಬುಡ್ತು ಅದು.’ ಆಮೇಲೆ ತಾಯಿಗೆ ಸಮಾಧಾನ ಹೇಳುವವಳ ಹಾಗೆ, ‘ನಿಂತ್ಕೊಳೋದೂ ಆಟನೇ ಕಣವ್ವ, ನಾನು ಚೆನ್ನಾಗಿ ನಿಂತ್ಕೊಂತೀನಿ,’ ಅಂದಳು.

ಸುಲೋಚನಕ್ಕ ಅತ್ತಳು. ಗಂಡ ಬಿಟ್ಟುಹೋದಾಗಲೂ ಯಾರೆದುರೂ ಅತ್ತವಳಲ್ಲ. ಬೀದಿಯವರು ಹಣಕಿದರು, ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸಂಜೆ ಹೊತ್ತಿಗೆ ಕುಮಾರ್ ಮೇಷ್ಟ್ರ ಕೈಯಲ್ಲೇ ಕೆ. ಹೊಸಕೋಟೆಗೆ ಹೇಳಿಕಳಿಸಿದಳು, ಹುಡುಗಿ ವಿದೇಶಕ್ಕೆ ಹೋಗುತ್ತಾಳೆ, ಈಗ ಬರಬೇಡಿ ಅಂತ.

ರಜೆ ಮುಗಿಸಿ ಪುಷ್ಪಾ ಆಲೂರಿನ ಬಸ್ಸು ಹತ್ತಿದ ಮೇಲೆ ನಾವಿಬ್ಬರೂ ನಡೆದು ವಾಪಸ್ಸು ಬರುತ್ತಿದ್ದೆವು. ಊರು ಹತ್ತಿರವಾದಾಗ ಸುಲೋಚನಕ್ಕ ತಟ್ಟನೆ ನಿಂತಳು.

‘ಅವನು ಹೇಳಿದ್ ಸುಳ್ಳಿಗೆ ಇವಳ ಹತ್ರ ವಸೂಲಿ ಮಾಡ್ಬುಟ್ಟೆ ಅಲ್ವಾ ಶೀಲಾ?’

ಸಮಾಧಾನ ಮಾಡಬಹುದಿತ್ತು. ಹಾಗೇನಿಲ್ಲ ಬಿಡು ಅಕ್ಕ ಅಂತ ಅನ್ನುವುದಕ್ಕೆ ಎಷ್ಟು ಹೊತ್ತು? ನಾನು ಅನ್ನಲಿಲ್ಲ. ಅಂದಿದ್ದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಂಬುತ್ತಿರಲಿಲ್ಲ.